ಬ್ಲೂ ಟ್ಯಾಂಗ್ ಮೈಮೇಲೆ ಬಿಳಿ ಚುಕ್ಕೆ: ತೋಟದ ಮೈಲುತುತ್ತ ಹಾಕಬಹುದಾ?

ಅಡಿಕೆತೋಟ:

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಕಡೆ, ಇರೋದು ಬೆಂಗಳೂರಲ್ಲಿ. ಮನೇಲಿ ನಾಲ್ಕಡಿ ರೀಫ್ ಟ್ಯಾಂಕ್ (ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ) ಇದೆ, ಅದರ ಸಂಪ್ (ಫಿಲ್ಟರ್ ಇಡೋ ತೊಟ್ಟಿ) ಸೇರಿ ಸುಮಾರು 300 ಲೀಟರ್ ನೀರು. ಎರಡು ಕ್ಲೌನ್ ಮೀನು, ಒಂದು ಮ್ಯಾಂಡರಿನ್ ಮೀನು, ಕ್ಲೀನರ್ ಶ್ರಿಂಪ್ (ಸೀಗಡಿ), ಬಸವನಹುಳುಗಳು, ಜೊತೆಗೆ ಹ್ಯಾಮರ್, ಟಾರ್ಚ್, ಝೋವಾ ಹವಳಗಳು. ಎಲ್ಲ ನೆಮ್ಮದಿಯಾಗಿ ಇತ್ತು. ಮಗಳು ಹಟ ಹಿಡಿದಳು ಅಂತ ಈ ತಿಂಗಳು ಒಂದು ಬ್ಲೂ ಟ್ಯಾಂಗ್ ಮೀನು ತಂದು, ಡ್ರಿಪ್ ಮಾಡಿ (ಟ್ಯಾಂಕ್ ನೀರು ಹನಿಹನಿಯಾಗಿ ಸೇರಿಸಿ ಒಗ್ಗಿಸಿ) ಬಿಟ್ಟೆ.

ಕೆಲವು ದಿನಕ್ಕೆ ಅದರ ರೆಕ್ಕೆ ಮೇಲೆ ನಾಲ್ಕೈದು ಬಿಳಿ ಚುಕ್ಕೆ ಕಾಣಿಸಿತು. ಅಂಗಡಿಯವರನ್ನು ಕೇಳಿದೆ. ಟೆಂಪರೇಚರ್ 30ಕ್ಕೆ ಏರಿಸಿ, ಊಟಕ್ಕೆ ಬೆಳ್ಳುಳ್ಳಿ ರಸ ಸೇರಿಸಿ ಅಂದ್ರು, 'ರೀಫ್ ಸೇಫ್' ಅಂತ ಬರೆದಿರೋ ಒಂದು ಬಾಟಲಿಯನ್ನೂ ಕೊಟ್ಟರು. ಚುಕ್ಕೆ ಹೋಯ್ತು. ಮನೇಲೆಲ್ಲ ಖುಷಿ. ಮೊನ್ನೆ ಬೆಳಿಗ್ಗೆ ಲೈಟ್ ಹಾಕಿ ನೋಡಿದ್ರೆ ಮೈತುಂಬ ಚುಕ್ಕೆ! ಈಗ ಒಂದು ಕ್ಲೌನ್ ಮೇಲೂ ಬಂದಿದೆ. ಮ್ಯಾಂಡರಿನ್ ಮಾತ್ರ ಏನೂ ಆಗದ ಹಾಗೆ ಓಡಾಡ್ಕೊಂಡಿದೆ.

ಇದಕ್ಕೆ ತಾಮ್ರವೇ ಮದ್ದು ಅಂತ ಓದಿದೆ. ತಾಮ್ರ ಅಂದ್ರೆ ನಮ್ಮನೇಲಿ ಬರ ಇಲ್ಲ, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಅಪ್ಪ ತಂದ ಮೈಲುತುತ್ತ (ಕಾಪರ್ ಸಲ್ಫೇಟ್) ಇನ್ನೂ ಅರ್ಧ ಚೀಲ ಉಳಿದಿದೆ. 300 ಲೀಟರಿಗೆ ಎಷ್ಟು ಹಾಕಬೇಕು? ಹವಳ ತೆಗೀದೆ ಹಾಕೋಕೆ ಆಗುತ್ತಾ? ಟ್ಯಾಂಗ್ ಹೋದರೆ ಮಗಳಿಗೆ ಮುಖ ತೋರಿಸೋದು ಕಷ್ಟ.

ನೀಲಿಬೆಳಕು:

ಟೆನ್ಷನ್ ಬೇಡ ಗುರು. ಬೆಳ್ಳುಳ್ಳಿ ಮುಂದುವರಿಸಿ. ಇನ್ನೆರಡು ಕ್ಲೀನರ್ ಶ್ರಿಂಪ್ ಬಿಡಿ, ಚುಕ್ಕೆ ಎಲ್ಲ ಕಿತ್ತು ತಿಂತವೆ. ನಮ್ಮ ಟ್ಯಾಂಕಲ್ಲಿ ಹಾಗೇ ಹೋಯ್ತು.

ಕಡಲಕರೆ:

ಅಡಿಕೆತೋಟದವರೇ, ಮೊದಲು ಆ ಚೀಲದ ಬಾಯಿ ಕಟ್ಟಿ ಮೂಲೆಗಿಡಿ ಮಾರಾಯ್ರೆ. ರೀಫ್ ಟ್ಯಾಂಕಿಗೆ ತಾಮ್ರ ಹಾಕಿದರೆ ಶ್ರಿಂಪ್, ಬಸವನಹುಳು, ಹವಳ ಯಾವುದೂ ಉಳಿಯುವುದಿಲ್ಲ. ಕಲ್ಲು, ಮರಳು ಎರಡೂ ತಾಮ್ರವನ್ನು ಹೀರಿ ಇಟ್ಟುಕೊಂಡು ಆಮೇಲೆ ನಿಧಾನಕ್ಕೆ ಬಿಡ್ತವೆ. ಒಮ್ಮೆ ಹಾಕಿದ ಟ್ಯಾಂಕಿನಲ್ಲಿ ಮತ್ತೆ ಹವಳ ಸಾಕ್ಲಿಕ್ಕೆ ಧೈರ್ಯ ಬರುವುದಿಲ್ಲ.

ಮದ್ದಿನ ಮಾತು ಆಮೇಲೆ. ಇದು ಯಾವ ರೋಗ ಅಂತ ಮೊದಲು ಗೊತ್ತಾಗಬೇಕು. ಇಷ್ಟು ನೋಡಿ ಹೇಳಿ:

ಚುಕ್ಕೆ ರವೆ ಕಾಳಿನ ಹಾಗೆ ಬಿಡಿಬಿಡಿಯಾಗಿ ಉಂಟಾ, ಮೈದಾ ಧೂಳಿನ ಹಾಗೆ ಉಂಟಾ? ಧೂಳು ಲೈಟಿನಲ್ಲಿ ಕಾಣದಿದ್ದರೆ ಕತ್ತಲು ಮಾಡಿ, ಬದಿಯಿಂದ ಟಾರ್ಚ್ ಬಿಟ್ಟು ನೋಡಿ (ನಿಮ್ಮ ಟಾರ್ಚ್ ಹವಳ ಅಲ್ಲ, ಕೈಯಲ್ಲಿ ಹಿಡಿಯುವ ಟಾರ್ಚ್).

ಮೀನು ಊಟ ಮಾಡ್ತದಾ? ಉಸಿರಾಟ ಹೇಗುಂಟು? ಪವರ್‌ಹೆಡ್‌ನಿಂದ ನೀರು ರಭಸದಿಂದ ಬರುವ ಕಡೆಗೇ ಮುಖ ಕೊಟ್ಟು ನಿಂತಿರ್ತದಾ? ಬೆಳಕು ಕಂಡರೆ ಮೂಲೆ ಸೇರ್ತದಾ?

ಕ್ಲೌನ್ ಮೈಯಿಂದ ಲೋಳೆ ಪದರು ಪದರಾಗಿ ಕಳಚ್ತಾ ಉಂಟಾ?

ಮೈದಾ ಧೂಳು, ಏದುಸಿರು, ಊಟ ಬಿಟ್ಟದ್ದು ಮೂರೂ ಸೇರಿದರೆ ಅದು ವೆಲ್ವೆಟ್ ರೋಗ, ಅಮೈಲೂಡಿನಿಯಮ್ ಅನ್ನುವ ಪರಾವಲಂಬಿಯದ್ದು. ಮೊದಲು ಕಿವಿರಿಗೇ ಹಿಡಿಯುತ್ತದೆ, ಎಷ್ಟೋ ಸಲ ಮೈಮೇಲೆ ಧೂಳು ಕಾಣುವ ಮೊದಲೇ ಮೀನು ಸತ್ತಿರುತ್ತದೆ. ಹಾಗಿದ್ದರೆ ನಾಳೆವರೆಗೆ ಕಾಯಬೇಡಿ, ಇವತ್ತೇ ರಾತ್ರಿ ಬರೆಯಿರಿ. ಲೋಳೆ ಕಳಚುವುದಾದರೆ ಬ್ರೂಕ್ಲಿನೆಲ್ಲಾ ಅನ್ನುವ ಇನ್ನೊಂದು ಪರಾವಲಂಬಿ ಇರಬಹುದು. ಕ್ಲೌನ್‌ಗಳಿಗೆ ಅದು ಹೆಚ್ಚು. ಅದಕ್ಕೆ ತಾಮ್ರ ನಾಟುವುದೇ ಇಲ್ಲ, ಫಾರ್ಮಲಿನ್ ದಾರಿ ಬೇರೆ.

ಅಡಿಕೆತೋಟ:

ಟಾರ್ಚ್ ಬಿಟ್ಟು ನೋಡಿದೆ ಮೇಡಂ. ರವೆ ಕಾಳೇ, ಎಣಿಸೋ ಹಾಗಿದೆ. ಊಟ ಮಾಡ್ತಿದೆ, ನೋರಿ (ಒಣ ಕಡಲಪಾಚಿ) ಕ್ಲಿಪ್ ಹಾಕಿದ ತಕ್ಷಣ ಓಡಿ ಬರುತ್ತೆ. ಉಸಿರಾಟ ಸ್ವಲ್ಪ ಜೋರು. ಆಗಾಗ ಕಲ್ಲಿಗೆ ಮೈ ಉಜ್ಜುತ್ತೆ. ಕ್ಲೌನ್‌ಗೆ ಲೋಳೆ ಇಲ್ಲ, ಬರೀ ಎರಡು ಚುಕ್ಕೆ.

ಒಂದು ಮಾತ್ರ ಅರ್ಥ ಆಗ್ತಿಲ್ಲ. ಮೊದಲ ಸಲ ಚುಕ್ಕೆ ಪೂರ್ತಿ ಹೋಗಿತ್ತಲ್ಲ, ಆ ಬಾಟಲಿ ಕೆಲಸ ಮಾಡಿತ್ತು ತಾನೇ? ಇನ್ನೊಂದು ಡೋಸ್ ಕೊಟ್ಟರೆ ಆಗಲ್ವಾ?

ಕಡಲಕರೆ:

ಬಾಟಲಿ ಎಂತ ಕೆಲಸವೂ ಮಾಡಿಲ್ಲ. ಚುಕ್ಕೆ ಬೀಳುವ ಹೊತ್ತಿಗೆ ನೀವು ಬಾಟಲಿ ಹಿಡಿದು ನಿಂತಿದ್ದಿರಿ, ಅಷ್ಟೆ.

ನೀವು ಹೇಳಿದ್ದು ನೋಡಿದರೆ ಇದು ಮರೈನ್ ಇಕ್, ಅಂದರೆ ಕಡಲ ಮೀನಿನ ಬಿಳಿ ಚುಕ್ಕೆ ರೋಗ. ಇದರ ಪರಾವಲಂಬಿಯ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ನಾನು ಮಂಗಳೂರಿನ ಫಿಶರೀಸ್ ಕಾಲೇಜಿನಲ್ಲಿ ಓದಿ, ಆಮೇಲೆ ಹ್ಯಾಚರಿಯಲ್ಲಿ ಇದ್ದವಳು. ಅಲ್ಲಿ ಸೀಬಾಸ್ ಮೀನಿಗೂ ಇದೇ ಕಾಟ. ಈ ಜೀವಿ ಹೇಗೆ ಬದುಕುತ್ತದೆ ಅಂತ ಒಮ್ಮೆ ತಲೆಗೆ ಹೋದರೆ ಅಂಗಡಿಯವರ ಅರ್ಧ ಸಲಹೆ ಯಾಕೆ ಸುಳ್ಳು ಅಂತ ನಿಮಗೇ ಗೊತ್ತಾಗ್ತದೆ.

ನಿಮಗೆ ಕಾಣುವ ಬಿಳಿ ಚುಕ್ಕೆ ಚರ್ಮದ ಮೇಲ್ಪದರದ ಅಡಿಯಲ್ಲಿ ಕೂತು ಮೀನನ್ನು ತಿನ್ನುತ್ತಿರುವ ಪರಾವಲಂಬಿ. ಮೂರರಿಂದ ಏಳು ದಿನ ತಿಂದು, ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಕಳಚಿಕೊಳ್ಳುತ್ತದೆ, ಹೆಚ್ಚಾಗಿ ಕತ್ತಲೆ ಹೊತ್ತಿನಲ್ಲಿ. ಅದಕ್ಕೇ ಬೆಳಿಗ್ಗೆ ನೋಡಿದರೆ ಮೀನು ಸ್ವಚ್ಛ, ಮನೆಯವರಿಗೆ ಖುಷಿ. ಬಿದ್ದದ್ದು ಕಲ್ಲು, ಮರಳು, ಗಾಜು, ಬಸವನಹುಳುವಿನ ಚಿಪ್ಪು ಎಲ್ಲೆಂದರಲ್ಲಿ ಅಂಟಿಕೊಂಡು ಕೋಶ ಕಟ್ಟುತ್ತದೆ. ಒಳಗೆ ಒಡೆದು ಒಡೆದು ನೂರಾರು ಮರಿ. ಕೆಲವು ಕೋಶ ಮೂರೇ ದಿನಕ್ಕೆ ಒಡೆಯುತ್ತವೆ, ಕೆಲವು ವಾರಗಟ್ಟಲೆ ಹಾಗೇ ಕೂರುತ್ತವೆ. ಹೊರಬಂದ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಇಲ್ಲದಿದ್ದರೆ ಸಾಯುತ್ತವೆ. ಸಮುದ್ರದಲ್ಲಿ ನೂರಕ್ಕೆ ಒಂದಕ್ಕೂ ಸಿಗಲಿಕ್ಕಿಲ್ಲ. ನಿಮ್ಮ ನಾಲ್ಕಡಿ ಗಾಜಿನೊಳಗೆ ಬೇಕಾದಷ್ಟು ಸಿಗುತ್ತದೆ. ಎರಡನೇ ಸಲ ಚುಕ್ಕೆ ಮೈತುಂಬ ಬಂದದ್ದು ಅದಕ್ಕೇ.

ಚರ್ಮದೊಳಗೆ ಇರುವಾಗ ತಾಮ್ರ ಅದನ್ನು ಮುಟ್ಟುವುದಿಲ್ಲ. ಕೋಶದೊಳಗೆ ಇರುವಾಗಲೂ ಇಲ್ಲ. ಈಜುವ ಮರಿಯನ್ನು ಮಾತ್ರ ಕೊಲ್ಲುತ್ತದೆ. ಹಾಗಾಗಿ ಒಂದು ಡೋಸ್ ಹಾಕಿ ಕೈ ತೊಳೆಯುವ ಮದ್ದು ಅಲ್ಲ ಇದು, ಪ್ರಮಾಣ ಒಂದು ದಿನವೂ ಇಳಿಯದ ಹಾಗೆ 30 ದಿನ ಹಿಡಿದು ನಿಲ್ಲಿಸಬೇಕು. ಶ್ರಿಂಪ್ ಕಿತ್ತು ತಿನ್ನುತ್ತದೆ ಅನ್ನುವುದು ಚರ್ಮದ ಅಡಿ ಇರುವುದಕ್ಕೆ ಅನ್ವಯಿಸುವುದಿಲ್ಲ, ನೀಲಿಬೆಳಕಿನವರು ಕ್ಷಮಿಸಬೇಕು. ಬೆಳ್ಳುಳ್ಳಿಗೆ ಮೀನಿನ ಬಾಯಿ ರುಚಿ ಹೆಚ್ಚಬಹುದು, ಅಷ್ಟೆ. 30 ಡಿಗ್ರಿಯ ಸಲಹೆ ಸಿಹಿನೀರಿನ ಇಕ್‌ನಿಂದ ಎರವಲು ತಂದದ್ದು. ಅದು ಬೇರೆಯೇ ಜೀವಿ. ಇಲ್ಲಿ ಬಿಸಿ ಏರಿಸಿದರೆ ಚಕ್ರ ಬೇಗ ತಿರುಗುತ್ತದೆ, ಜೊತೆಗೆ ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಮೊದಲೇ ಕಿವಿರು ಕೆಟ್ಟ ಮೀನಿಗೆ ಅದು ಬೇಕಾ? 26ಕ್ಕೆ ಇಳಿಸಿ.

ಅಂದರೆ ರೋಗ ಇರುವುದು ನಿಮ್ಮ ಟ್ಯಾಂಕಿಗೆ. ಮೀನು ಅದರ ಊಟ. ಎಲ್ಲ ಮೀನನ್ನೂ ಹೊರಗೆ ತೆಗೆದು ಬೇರೆ ಕಡೆ ಮದ್ದು ಮಾಡಬೇಕು, ರೀಫ್ ಟ್ಯಾಂಕನ್ನು ಮೀನಿಲ್ಲದೆ ಖಾಲಿ ಬಿಡಬೇಕು. ಎಷ್ಟು ದಿನ? 76. ಒಂದು ಪ್ರಯೋಗದಲ್ಲಿ ಕಟ್ಟಕಡೆಯ ಕೋಶ ಒಡೆದದ್ದು 72ನೇ ದಿನ ಅಂತ ದಾಖಲಾಗಿದೆ, ಅದರ ಮೇಲೆ ನಾಲ್ಕು ದಿನ ಸೇರಿಸಿದ ಲೆಕ್ಕ. ನೀರು ಬೆಚ್ಚಗಿದ್ದರೆ ಆರು ವಾರ ಸಾಕು ಅನ್ನುವವರೂ ಇದ್ದಾರೆ. ನಾನು 76ರ ಪಕ್ಷ. ಹವಳ, ಶ್ರಿಂಪ್, ಬಸವನಹುಳು ಅಲ್ಲೇ ಇರಲಿ, ಅವಕ್ಕೆ ಈ ರೋಗ ಬರುವುದಿಲ್ಲ. ದಿನಾ ಒಂದು ಚಿಟಿಕೆ ಆಹಾರ ಹಾಕುತ್ತಾ ಇರಿ. ನಡುವೆ ಹೊಸ ಹವಳದ ತುಂಡೊಂದನ್ನು ತಂದು ಬಿಟ್ಟಿರೋ, ಎಣಿಕೆ ಮತ್ತೆ ಒಂದರಿಂದ.

ಈಗ ನಿಮ್ಮ ಮೈಲುತುತ್ತ. ಲೆಕ್ಕ ಹೇಳ್ತೇನೆ ಕೇಳಿ. ಅಪ್ಪ 1 ಪರ್ಸೆಂಟ್ ಬೋರ್ಡೋ ಮಾಡುವಾಗ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಹಾಕ್ತಾರೆ ಅಲ್ವಾ? ಮೀನಿಗೆ ಅದೇ 100 ಲೀಟರಿಗೆ ಸುಮಾರು 80 ಮಿಲಿಗ್ರಾಂ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ಮಾತ್ರ ತಾಮ್ರ. ನಮಗೆ ಬೇಕಾದದ್ದು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ. ಕೆಳಗೆ ಇಳಿದರೆ ಪರಾವಲಂಬಿ ಬದುಕುತ್ತದೆ, ಮೇಲೆ ಹೋದರೆ ಮೀನು ಸಾಯುತ್ತದೆ. ಸಾಲದ್ದಕ್ಕೆ ಸಮುದ್ರದ ನೀರಿನ ಕಾರ್ಬೊನೇಟ್ ಜೊತೆ ಸೇರಿ ತಾಮ್ರ ತಳಕ್ಕೆ ಇಳಿಯುತ್ತಾ ಇರುತ್ತದೆ, ಬೆಳಿಗ್ಗೆ ಇದ್ದ ಪ್ರಮಾಣ ಸಂಜೆಗೆ ಇರುವುದಿಲ್ಲ. ಹ್ಯಾಚರಿಯಲ್ಲಿ ನಾವು ಶುದ್ಧ ಕಾಪರ್ ಸಲ್ಫೇಟ್ ಬಳಸಿದ್ದು ಉಂಟು, ಆದರೆ ದಿನಕ್ಕೆ ಎರಡು ಸಲ ಅಳೆಯಲಿಕ್ಕೆ ಜನ ಇದ್ದರು. ತೋಟದ ಚೀಲದಲ್ಲಿ ತಾಮ್ರದ ಜೊತೆ ಇನ್ನೇನೇನು ಬೆರೆತಿದೆಯೋ ದೇವರಿಗೇ ಗೊತ್ತು. ಅಡಿಕೆಗೆ ಇರಲಿ ಅದು.

ನೀವು ತರಬೇಕಾದದ್ದು ಕೀಲೇಟೆಡ್ ಕಾಪರ್, ಕಾಪರ್ ಪವರ್ ತರಹದ್ದು. ಅದು ನೀರಿನಲ್ಲಿ ಸ್ಥಿರವಾಗಿ ನಿಲ್ಲುತ್ತದೆ, ಮೀನಿಗೂ ಸ್ವಲ್ಪ ಮೃದು. ಅದರ ಗುರಿ 2.0ರಿಂದ 2.5 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ. ಈ ಅಂಕಿ ಮೇಲಿನ 0.20ಕ್ಕಿಂತ ಹತ್ತು ಪಟ್ಟು ಅಂತ ಗಾಬರಿಯಾಗಬೇಡಿ, ಇಲ್ಲಿ ತಾಮ್ರ ಬೇರೊಂದು ಅಣುವಿಗೆ ಕಟ್ಟಿಕೊಂಡಿರುತ್ತದೆ. ಒಂದೇ ದಿನದಲ್ಲಿ ಏರಿಸಬೇಡಿ, ಎರಡು ಮೂರು ದಿನದಲ್ಲಿ ಏರಿಸಿ. 2.0 ಮುಟ್ಟಿದ ದಿನದಿಂದ 30 ಎಣಿಸಿ. ಅಳೆಯಲಿಕ್ಕೆ ಹಾನಾದವರ ಹೈ ರೇಂಜ್ ಕಾಪರ್ ಚೆಕರ್ ತೆಗೆದುಕೊಳ್ಳಿ. ದುಬಾರಿ, ಹೌದು. ಬಣ್ಣ ಹೋಲಿಸುವ ಕಿಟ್‌ನಲ್ಲಿ 1.5ಕ್ಕೂ 2.5ಕ್ಕೂ ವ್ಯತ್ಯಾಸ ಹೇಳಲಿಕ್ಕೆ ನನ್ನ ಕಣ್ಣಿಗಂತೂ ಆಗುವುದಿಲ್ಲ.

ಆಸ್ಪತ್ರೆ ಟ್ಯಾಂಕಿಗೆ ದೊಡ್ಡ ಗಾಜು ಬೇಡ, ಚಿಕ್ಕಪೇಟೆಯಲ್ಲಿ ಸಿಗುವ 100 ಲೀಟರಿನ ಪ್ಲಾಸ್ಟಿಕ್ ಟಬ್ ಸಾಕು. ಒಳಗೆ ಕಲ್ಲು, ಮರಳು ಎರಡೂ ಬೇಡ. ಅಡಗಲಿಕ್ಕೆ ಪಿವಿಸಿ ಎಲ್ಬೋ ಹಾಕಿ. ಸ್ಪಾಂಜ್ ಫಿಲ್ಟರ್, ಏರ್ ಪಂಪ್, ಹೀಟರ್. ಫಿಲ್ಟರಿಗೆ ಕಾರ್ಬನ್ (ಇದ್ದಿಲು) ಹಾಕಿದರೆ ತಾಮ್ರವನ್ನು ಎಳೆದುಕೊಳ್ಳುತ್ತದೆ. ಯುವಿ ದೀಪ ಇಟ್ಟರೆ ಕೀಲೇಟ್ (ತಾಮ್ರದ ಆ ಕಟ್ಟು) ಒಡೆಯುತ್ತದೆ. ಎರಡೂ ಬೇಡ. ಟಬ್ಬನ್ನು ಬೇರೆ ಕೋಣೆಯಲ್ಲಿಡಿ. ವೆಲ್ವೆಟ್‌ನ ಮರಿಗಳು ಗುಳ್ಳೆ ಒಡೆದು ಹಾರುವ ತುಂತುರಿನಲ್ಲಿ ಮೂರು ಮೀಟರ್ ದೂರದವರೆಗೂ ಹೋಗಬಲ್ಲವು, ನಿಮ್ಮಲ್ಲಿ ಅದೂ ಇರಬಹುದಾದ ಸಾಧ್ಯತೆಯನ್ನು ನಾನು ಪೂರ್ತಿ ತೆಗೆದುಹಾಕಿಲ್ಲ. ಅದಕ್ಕೇ ತಾಮ್ರ ಹೇಳಿದ್ದು. ಅದು ಎರಡಕ್ಕೂ ಆಗುತ್ತದೆ.

ಇಂಥ ಟಬ್‌ನಲ್ಲಿ ರೋಗಕ್ಕಿಂತ ಹೆಚ್ಚು ಮೀನು ಸಾಯುವುದು ಅಮೋನಿಯಾದಿಂದ. ದಿನಾ ಅಳೆಯಿರಿ. ಏರಿದರೆ ನೀರು ಬದಲಿಸಿ, ಹೊಸ ನೀರಿಗೆ ಮೊದಲೇ ಅಷ್ಟೇ ಪ್ರಮಾಣದ ತಾಮ್ರ ಹಾಕಿ ಸುರಿಯಿರಿ. ಅಮೋನಿಯಾ ಕಟ್ಟುವ ದ್ರಾವಣಗಳನ್ನು ತಾಮ್ರದ ಜೊತೆ ಹಾಕಲೇಬೇಡಿ. ಅವು ತಾಮ್ರದ ರೂಪ ಬದಲಿಸಿ ಮೀನಿಗೆ ವಿಷ ಮಾಡುತ್ತವೆ.

ಇನ್ನೊಂದು, ಬೈಯುತ್ತೇನೆ ಅಂತ ತಿಳಿಯಬೇಡಿ. ಬ್ಲೂ ಟ್ಯಾಂಗಿಗೆ ನಾಲ್ಕಡಿ ಸಾಲುವುದಿಲ್ಲ. ಗುಣ ಆದ ಮೇಲೆ ಅದರ ಬಗ್ಗೆ ಮಗಳ ಹತ್ತಿರ ಮಾತಾಡಿ.

ಸಂಪ್_ಸೋಮಣ್ಣ:

ಮೇಡಂ ಹೇಳಿದ್ದು ಪುಸ್ತಕದ ಪ್ರಕಾರ ಸರಿ ಇರಬಹುದು. ಆದರೆ 76 ದಿನ, ಚೆಕರ್, ಟಬ್ಬು, ಇದನ್ನೆಲ್ಲ ಕೇಳಿದ್ರೆ ಹೊಸಬರು ಟ್ಯಾಂಕೇ ಮಾರಿ ಹೋಗ್ತಾರೆ. ನಮ್ಮ ಟ್ಯಾಂಕಲ್ಲಿ ಇಕ್ ಇದೆ ಅಂತ ನನಗೆ ಗೊತ್ತು. ಯುವಿ ಹಾಕಿದೀನಿ, ಚೆನ್ನಾಗಿ ತಿನ್ನಿಸ್ತೀನಿ, ನೀರು ಸ್ಥಿರವಾಗಿ ಇಟ್ಟಿದೀನಿ. ವರ್ಷಕ್ಕೊಂದು ಸಲ ಎರಡು ಚುಕ್ಕೆ ಕಾಣುತ್ತೆ, ಹೋಗುತ್ತೆ. ಮೀನು ಹಿಡಿಯೋಕೆ ಹೋಗಿ ಕಲ್ಲೆಲ್ಲ ಕಿತ್ತು ಹವಳ ಮುರಿಯೋದಕ್ಕಿಂತ ಇದು ವಾಸಿ. ಮೀನಿಗೂ ರೋಗ ನಿರೋಧಕ ಶಕ್ತಿ ಬರುತ್ತೆ ಅಲ್ವಾ?

ಕಡಲಕರೆ:

ಬರುತ್ತದೆ ಸೋಮಣ್ಣ, ಅದು ಸುಳ್ಳಲ್ಲ. ಒಮ್ಮೆ ಬಂದು ಬದುಕಿದ ಮೀನಿಗೆ ಕೆಲವು ತಿಂಗಳ ಮಟ್ಟಿಗೆ ತಡೆಯುವ ಶಕ್ತಿ ಇರುತ್ತದೆ ಅಂತ ಮೀನುಗಳ ಮೇಲೆ ಮಾಡಿದ ಪ್ರಯೋಗಗಳೇ ಹೇಳುತ್ತವೆ. ಯುವಿಯಿಂದ ಈಜುವ ಮರಿಗಳ ಸಂಖ್ಯೆಯೂ ಇಳಿಯುತ್ತದೆ. ನಿಮ್ಮದು ದೊಡ್ಡ ಟ್ಯಾಂಕ್, ಹಳೇ ಮೀನು, ಚುಕ್ಕೆ ಎರಡೇ. ನಾನೂ ನಿಮ್ಮ ಜಾಗದಲ್ಲಿದ್ದರೆ ಕೈ ಹಾಕುತ್ತಿರಲಿಲ್ಲವೋ ಏನೋ.

ಆದರೆ ಇವರ ಟ್ಯಾಂಗ್ ಹೊಸದು, ಸಾಗಾಣಿಕೆಯಲ್ಲಿ ಸೊರಗಿ ಬಂದದ್ದು, ಮೈತುಂಬ ಚುಕ್ಕೆ, ಉಸಿರು ಆಗಲೇ ಜೋರು. ಟ್ಯಾಂಗ್‌ಗಳ ಲೋಳೆ ತೆಳು, ಈ ರೋಗ ಅವಕ್ಕೇ ಮೊದಲು ಹಿಡಿಯುವುದು. ಶಕ್ತಿ ಬರುವವರೆಗೆ ಅದು ಬದುಕಿರಬೇಕಲ್ಲ? ಮತ್ತೆ, ನಿಮ್ಮ ಟ್ಯಾಂಕಿನಿಂದ ಯಾರಿಗಾದರೂ ಹವಳದ ತುಂಡು ಕೊಡುವಾಗ ಇಕ್ ಉಂಟು ಅಂತ ಹೇಳಿಯೇ ಕೊಡ್ತೀರಲ್ಲ? ಕೋಪ ಬೇಡ, ಕೇಳಿದೆ ಅಷ್ಟೆ.

ಸಂಪ್_ಸೋಮಣ್ಣ:

ಇನ್ಮೇಲೆ ಹೇಳ್ತೀನಿ ಬಿಡಿ 😀

ಅಡಿಕೆತೋಟ:

ಟಬ್ ಬಂತು, ಚೆಕರ್ ಆರ್ಡರ್ ಮಾಡಿದೆ. ಹೆಂಡತಿ ಬಿಲ್ ನೋಡಿ ಆ ದುಡ್ಡಿಗೆ ಅರ್ಧ ಎಕರೆಗೆ ಔಷಧಿ ಹೊಡೀಬಹುದಿತ್ತು ಅಂದ್ಲು. ಮೂರು ಪ್ರಶ್ನೆ ಉಳಿದಿದೆ. ಹವಳ ಮುರಿಯದೆ ಟ್ಯಾಂಗ್ ಹಿಡಿಯೋದು ಹೇಗೆ? ಮ್ಯಾಂಡರಿನ್ ಮೇಲೆ ಒಂದೂ ಚುಕ್ಕೆ ಇಲ್ಲ, ಅದನ್ನ ಅಲ್ಲೇ ಬಿಡಬಹುದಾ? ಸ್ಪಾಂಜ್ ಫಿಲ್ಟರಿಗೆ ಬ್ಯಾಕ್ಟೀರಿಯಾ ಬೇಕಲ್ಲ, ನಮ್ಮ ಸಂಪ್‌ನಲ್ಲಿ ಇರೋ ಸ್ಪಾಂಜನ್ನೇ ಟಬ್ಬಿಗೆ ಹಾಕಿದ್ರೆ ಅದರ ಜೊತೆ ರೋಗವೂ ಬರಲ್ವಾ?

ಬಾಟಲಿಬಲೆ:

ಹಿಡಿಯೋದಕ್ಕೆ ನಾನು ಹೇಳ್ತೀನಿ. ಎರಡು ಲೀಟರಿನ ನೀರಿನ ಬಾಟಲಿಯ ಕುತ್ತಿಗೆ ಕೊಯ್ದು ತಿರುಗಿಸಿ ಒಳಕ್ಕೆ ತೂರಿಸೋ ಉಪಾಯ ಕ್ಲೌನ್‌ಗೆ ಸರಿ, ಟ್ಯಾಂಗ್‌ಗೆ ಬಾಯಿ ಸಾಲಲ್ಲ. ಅದಕ್ಕೆ ಅಕ್ರಿಲಿಕ್ ಡಬ್ಬ ಮಾಡಿ, ಮೇಲೆ ಎಳೆಯೋ ಬಾಗಿಲಿಗೆ ದಾರ ಕಟ್ಟಿ. ಒಂದೆರಡು ದಿನ ಬಾಗಿಲು ತೆಗೆದಿಟ್ಟು ಒಳಗೇ ನೋರಿ ಕೊಡಿ, ಹೊರಗೆ ಏನೂ ಕೊಡಬೇಡಿ. ಅಭ್ಯಾಸ ಆದ ಮೇಲೆ ದಾರ ಬಿಡಿ, ಮುಗೀತು. ಬಲೆ ಹಿಡಿದು ಓಡಿಸೋಕೆ ಹೋದ್ರೆ ಕಲ್ಲಿನ ಸಂದೀಲಿ ಮುಳ್ಳು ಎತ್ತಿ ಸಿಕ್ಕಿಸಿಕೊಳ್ಳುತ್ತೆ, ಮತ್ತೆ ಬರಲ್ಲ. ಬಾಲದ ಬುಡದಲ್ಲೂ ಚೂರಿ ಇದೆ, ಕೈ ಜೋಪಾನ.

ಕಡಲಕರೆ:

ಡಬ್ಬದ ಉಪಾಯ ಒಳ್ಳೆಯದು. ಆದರೆ ಉಸಿರು ಇನ್ನೂ ಜೋರಾದರೆ ಎರಡು ದಿನ ಕಾಯಬೇಡಿ, ಕಲ್ಲು ಎತ್ತಿಯೇ ಹಿಡಿಯಿರಿ. ಹವಳ ಮತ್ತೆ ಬೆಳೆಯುತ್ತದೆ.

ಮ್ಯಾಂಡರಿನ್ ಅಲ್ಲಿ ಉಳಿಯುವ ಹಾಗಿಲ್ಲ. ಅದರ ಲೋಳೆ ದಪ್ಪ, ಚುಕ್ಕೆ ಕಾಣುವುದು ಅಪರೂಪ, ಆದರೆ ಕಿವಿರಿನಲ್ಲಿ ಒಂದೆರಡು ಪರಾವಲಂಬಿ ಇದ್ದರೂ 76 ದಿನ ಮಣ್ಣುಪಾಲು. ಹಾಗಂತ ಅದನ್ನು ತಾಮ್ರಕ್ಕೆ ಹಾಕಲಿಕ್ಕೆ ನನಗೆ ಮನಸ್ಸಿಲ್ಲ. ಮೊದಲೇ ಊಟದ ತಕರಾರು ಅದರದ್ದು, ತಾಮ್ರದಲ್ಲಿ ಇದ್ದಬದ್ದ ಹಸಿವೂ ಸಾಯುತ್ತದೆ. ಅದಕ್ಕೆ ಟಬ್ ಬದಲಿಸುವ ದಾರಿ ಹಿಡಿಯಿರಿ, ಮದ್ದೇ ಬೇಡ. ಎರಡು ಚಿಕ್ಕ ಟಬ್ ಬೇಕು. 72 ಗಂಟೆಗೆ ಒಮ್ಮೆ, ತಪ್ಪಿಯೂ ಅದಕ್ಕಿಂತ ತಡ ಮಾಡದೆ, ಮೀನನ್ನು ಪೂರ್ತಿ ಹೊಸ ನೀರಿನ ಇನ್ನೊಂದು ಟಬ್ಬಿಗೆ ದಾಟಿಸಿ. ಹಳೇ ಟಬ್, ಏರ್ ಸ್ಟೋನ್, ಹೀಟರ್ ಎಲ್ಲ ಬ್ಲೀಚ್‌ನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ. ಮೊದಲ ಟಬ್ಬಿಗೆ ಹಾಕಿದ ದಿನ ಒಂದು ಅಂತಿಟ್ಟರೆ 4, 7, 10, 13ನೇ ದಿನ ದಾಟಿಸಬೇಕು. ಮೈಮೇಲಿದ್ದದ್ದು ಏಳು ದಿನದೊಳಗೆ ಬೀಳುತ್ತದೆ, ಬಿದ್ದದ್ದು ಮೂರು ದಿನದೊಳಗೆ ಒಡೆಯುವುದಿಲ್ಲ, ಒಡೆಯುವ ಹೊತ್ತಿಗೆ ಮೀನು ಬೇರೆ ನೀರಿನಲ್ಲಿರುತ್ತದೆ. ಎರಡೂ ನೀರಿನ ಉಪ್ಪು, ಬಿಸಿ ಒಂದೇ ಇರಲಿ. ಆದರೆ ಇದು ಇಕ್‌ಗೆ ಮಾತ್ರ. ವೆಲ್ವೆಟ್ ಇದಕ್ಕೆ ಬಗ್ಗುವುದಿಲ್ಲ, ಹಾಗಾಗಿ ಮ್ಯಾಂಡರಿನ್ ಉಸಿರಿನ ಮೇಲೆ ಕಣ್ಣಿಡಿ. ಊಟಕ್ಕೆ ಆರ್ಟೀಮಿಯಾ (ಪುಟ್ಟ ಉಪ್ಪುನೀರಿನ ಸೀಗಡಿ) ಮೊಟ್ಟೆ ತಂದು ಮನೆಯಲ್ಲೇ ಮರಿ ಮಾಡಿ, ಜೀವಂತ ಕೊಡಿ. 13ನೇ ದಿನದ ನಂತರ ಒಣ ಕಲ್ಲು ಹಾಕಿದ, ಕೋಪೆಪಾಡ್ (ಮ್ಯಾಂಡರಿನ್ ತಿನ್ನುವ ಸಣ್ಣ ಜೀವಿಗಳು) ಬಿಟ್ಟ ಬೇರೆ ಟಬ್‌ನಲ್ಲಿ ಉಳಿದ ದಿನ ಕಳೆಯಲಿ. ಆ ಟಬ್ ಈಗಲೇ ಶುರು ಮಾಡಿ, ಆಗ ಹುಡುಕಿದರೆ ಸಿಗುವುದಿಲ್ಲ.

ಸ್ಪಾಂಜ್ ಪ್ರಶ್ನೆ ಚೆನ್ನಾಗಿ ಕೇಳಿದಿರಿ. ತಾಮ್ರದ ಟಬ್ಬಿಗೆ ಸಂಪ್‌ನ ಸ್ಪಾಂಜ್ ಧಾರಾಳವಾಗಿ ಹಾಕಿ. ಕೋಶ ಬಂದರೂ ಒಡೆದ ಮರಿಗಳನ್ನು ತಾಮ್ರ ನೋಡಿಕೊಳ್ಳುತ್ತದೆ. ಮ್ಯಾಂಡರಿನ್ ಟಬ್ಬಿಗೆ ಮಾತ್ರ ಆ ಸ್ಪಾಂಜ್, ಅದೇ ಬಲೆ, ಅದೇ ಒದ್ದೆ ಕೈ ಯಾವುದೂ ತಾಗಬಾರದು. ಅಲ್ಲಿ ಫಿಲ್ಟರೇ ಬೇಡ, ಗಾಳಿ ಸಾಕು, ಮೂರು ದಿನಕ್ಕೊಮ್ಮೆ ನೀರು ಹೇಗೂ ಹೊಸದು. ಬೆಳಿಗ್ಗೆ ಕೆಲಸ ಮಾಡುವಾಗ ಮೊದಲು ಮ್ಯಾಂಡರಿನ್ ಟಬ್, ಆಮೇಲೆ ತಾಮ್ರದ್ದು.

ಚೆಕರ್ ಬಂದ ಮೇಲೆ ಮೊದಲ ರೀಡಿಂಗ್ ಇಲ್ಲಿ ಹಾಕಿ. ತಾಮ್ರ ಹಾಕುವ ಮೊದಲು ಬರೀ ಉಪ್ಪುನೀರಿನದ್ದೂ ಒಂದು ರೀಡಿಂಗ್ ತೆಗೆಯಿರಿ, ಸೊನ್ನೆ ತೋರಿಸ್ತದಾ ನೋಡುವ.